ಸದ್ದು ಮಾಡದ ಕಾರು

ಕಾರಿನ ಟಚ್‌ಸ್ಕ್ರೀನ್ ವಿನ್ಯಾಸ ಮಾಡುವುದು ನನ್ನ ಕೆಲಸ. ಹೊಸದಾಗಿ ಡ್ರೈವಿಂಗ್ ಕಲಿತವರು ಅದನ್ನು ಹೇಗೆ ಬಳಸುತ್ತಾರೆಂದು ನೋಡಲು ಒಂದು ಎಲೆಕ್ಟ್ರಿಕ್ ಕಾರನ್ನು ಹಾಲ್ಕುರಿಕೆಯ ಸೋದರತ್ತೆಯ ತೆಂಗಿನ ತೋಟಕ್ಕೇ ಒಯ್ದೆ. ಅತ್ತೆಗೆ ಲೈಸೆನ್ಸ್ ಬಂದು ತಿಂಗಳಾಗಿತ್ತು. ಕೊಬ್ಬರಿ ಒಣಗಿದೆಯೋ ಇಲ್ಲವೋ ಎಂದು ಕಾಯನ್ನು ಕಿವಿಯ ಹತ್ತಿರ ಅಲ್ಲಾಡಿಸಿಯೇ ಹೇಳುವ ಹೆಂಗಸು ಅವಳು. ಒಳಗೆ ಗುಡುಗುಡು ಎನ್ನದೆ ಒಂದು ಕಾಯನ್ನೂ ಒಡೆಸಿದವಳಲ್ಲ.

ನಾನು ಹೇಳಿದಂತೆ ಸ್ಕ್ರೀನ್ ಮುಟ್ಟಿದಳು. ಕಾರು ಹೊರಡಲು ಸಿದ್ಧವಾಯಿತು. ಅದನ್ನು ತಿಳಿಸಲು ನಾನು ಇಟ್ಟಿದ್ದು ಮೂಲೆಯಲ್ಲೊಂದು ಸಣ್ಣ ಹಸಿರು ಇಂಗ್ಲಿಷ್ ಪದ, ಅಷ್ಟೇ. ಅತ್ತೆ ಎಂಜಿನ್ನಿನ ಸದ್ದಿಗೆ ಕಿವಿಗೊಟ್ಟು ಕೂತಳು.

"ಸ್ಟಾರ್ಟೇ ಆಗಿಲ್ಲ ಕಣಪ್ಪ" ಅಂದಳು.

ಪರೀಕ್ಷೆಯ ವೇಳೆ ನೆರವಾಗಬಾರದು ಎಂಬುದು ನಮ್ಮ ಆಫೀಸಿನ ನಿಯಮ. ನಾನು ಪಕ್ಕದ ಸೀಟಿನಲ್ಲಿ ಸುಮ್ಮನೆ ಬರೆದುಕೊಳ್ಳುತ್ತಿದ್ದೆ. ಅವಳು ಆಕ್ಸಿಲರೇಟರ್ ಬಲವಾಗಿ ಒತ್ತಿದಳು. ಕಾರು ಚಿಮ್ಮಿ, ಎದುರಿನ ಗೂಟಕ್ಕೆ ಕಟ್ಟಿದ್ದ ಕರುವಿನ ಮೇಲೆ ಹೋಯಿತು. ಕರು ಉಳಿಯಲಿಲ್ಲ.

"ಕಣ್ಣೆದುರಿಗೇ ಬರ್ದೈತಲ್ಲ, ಓದಕ್ ಬರಲ್ವಾ ನಿಂಗೆ?" ಎಂದು ಕಾಯಿ ಸುಲಿಯುವವರ ಮುಂದೆಯೇ ಕೂಗಾಡಿದೆ. ವರದಿಯಲ್ಲೂ ತಪ್ಪು ಅವಳದೆಂದೇ ಬರೆದೆ.

ಮುಂದಿನ ಮಾದರಿಗೆ ಗಂಟೆಯ ಸದ್ದನ್ನೂ ಕನ್ನಡದ ದಪ್ಪ ಅಕ್ಷರಗಳನ್ನೂ ಸೇರಿಸಿ, ಎಲ್ಲ ನನಗೇ ಹೊಳೆದಿದ್ದೆಂದು ಆಫೀಸಿನಲ್ಲಿ ಹೊಗಳಿಸಿಕೊಂಡೆ. ಅದನ್ನು ತೋರಿಸಲು ಹೋದಾಗ ಅತ್ತೆ ಕಾರು ಹತ್ತಲಿಲ್ಲ. ಖಾಲಿ ಗೂಟದ ಪಕ್ಕ ನಿಂತು ಗಂಟೆ ಕೇಳಿಸಿಕೊಂಡಳು.

"ಈಗ ಕಾರು ಬಾಯ್ಬುಡ್ತೈತೆ, ಸರಿ. ಅವತ್ತು ಪಕ್ಕದಾಗೆ ನೀನೇ ಕೂತಿದ್ಯಲ್ಲಪ್ಪ. ನಿನ್ ಬಾಯಿಗೇನಾಗಿತ್ತು?"