ಎದುರುಮನೆ ಮಾವನ ಮುಖ

ಬೆಳಿಗ್ಗೆ ಅಂಗಳ ಗುಡಿಸಿದೆ. ಕೊಳಾಯಿ ನೀರು ಹಿಡಿದೆ, ರಾಗಿ ಹಿಟ್ಟು ಜರಡಿ ಹಿಡಿದೆ, ಯಜಮಾನರ ಅಂಗಿಗೆ ಗುಂಡಿ ಹಾಕಿದೆ. ಆದಿವಾಲದಿಂದ ತಮ್ಮ ಕಳಿಸಿದ್ದ ಶೇಂಗಾ ಮಾಳಿಗೆ ಮೇಲೆ ಹರವಿದೆ. ಮಧ್ಯಾಹ್ನ ಮೋಡ ಕವಿಯಿತು. ಮುಚ್ಚಲು ಬೇರೇನೂ ಸಿಗದೆ ಅಟ್ಟದಲ್ಲಿ ಸುತ್ತಿಟ್ಟಿದ್ದ ಫ್ಲೆಕ್ಸ್ ಬಿಚ್ಚಿದೆ. ಧೂಳಿನ ಜೊತೆಗೆ ಹಳೆಯ ಬಣ್ಣದ ಕಮಟು ವಾಸನೆ ಎದ್ದಿತು... ‘ಭಾವಪೂರ್ಣ ಶ್ರದ್ಧಾಂಜಲಿ’ ಎಂಬ ಅಕ್ಷರಗಳ ಕೆಳಗೆ ಒಂದು ಮುಖ ನಗುತ್ತಿತ್ತು. ಅದು ತೀರಿಕೊಂಡವರ ಮುಖವಲ್ಲ.

ತೀರಿಕೊಂಡವರು ನಮ್ಮ ಎದುರುಮನೆ ಮಾವ. ಎಣ್ಣೆ ಮಿಲ್ಲಿನಲ್ಲಿ ಮೂಟೆ ಹೊರುತ್ತಿದ್ದರು. ಬಾಗಿಲಿಗೆ ತಲೆ ತಾಗುವಷ್ಟು ಎತ್ತರ. ನಾನು ಹೈಸ್ಕೂಲಿನಲ್ಲಿದ್ದಾಗ ಟೀವಿ ಧಾರಾವಾಹಿಯವರು ಚಂದ್ರವಳ್ಳಿಗೆ ಬಂದರು. ಅಲ್ಲಿನ ಬಂಡೆಗಳೇ ಅವರ ಕಥೆಯಲ್ಲಿ ಬೇರೊಂದು ಗ್ರಹ. ಆ ಗ್ರಹದ ಮನುಷ್ಯನ ಪಾತ್ರಕ್ಕೆ ಎತ್ತರ ನೋಡಿ ಮಾವನನ್ನು ಆರಿಸಿದರು. ಮೈಗೆ ತಗಡು, ತಲೆಗೆ ಪೂರ್ತಿ ಮುಚ್ಚಿದ ಹೆಲ್ಮೆಟ್. ದನಿಯೂ ಬೇರೆ ಯಾರದೋ. ಬೇಸಿಗೆಯಲ್ಲಿ ದಿನವಿಡೀ ಬಂಡೆ ಮೇಲೆ ನಿಂತು ಬಂದವರ ಕತ್ತಿನ ಸುತ್ತ ಬೊಬ್ಬೆಗಳು ಎದ್ದಿರುತ್ತಿದ್ದವು. ಅವರ ಹೆಂಡತಿ, ನಮ್ಮೆಲ್ಲರ ಅತ್ತೆ, ಬೆಣ್ಣೆ ಹಚ್ಚುತ್ತಿದ್ದರು.

ಆದರೆ ಎಂಥ ನಟ ಅವರು... ತಲೆಯನ್ನು ಒಂದಿಷ್ಟು ವಾಲಿಸಿದರೆ ಸಾಕು, ಆ ಪರಗ್ರಹದವನಿಗೆ ತನ್ನ ಊರು ನೆನಪಾಗಿದೆ ಎಂದು ನಮಗೆ ತಿಳಿಯುತ್ತಿತ್ತು. ಮುಖವಿಲ್ಲದೆ ನೋಡುವವರನ್ನು ಅಳಿಸಿದ ಇನ್ನೊಬ್ಬರನ್ನು ನಾನು ನೋಡಿಲ್ಲ.

“ಮುಖ ಕಾಣದ ಮೇಲೆ ಅದೆಂಥ ಆಕ್ಟಿಂಗಪ್ಪ” ಎಂದು ಬೀದಿಯವರು ಕಾಡುತ್ತಿದ್ದರು.

“ಕೊನೇ ವಾರ ಹೆಲ್ಮೆಟ್ ತೆಗಿತೀನಿ. ಆಗ ನೋಡ್ರಿ” ಎನ್ನುತ್ತಿದ್ದರು ಮಾವ.

ಆ ಕೊನೆಯ ವಾರ ಬೀದಿಗೆ ಬೀದಿಯೇ, ಮದುವೆಯಾದ ಮೇಲೂ ನಾನಿರುವ ಅಪ್ಪನ ಇದೇ ಮನೆಯ ಟೀವಿ ಮುಂದೆ ಸೇರಿತು. ಅತ್ತೆ ಹೋಳಿಗೆ ಮಾಡಿ ತಂದಿದ್ದರು. ಮಾವ ಕ್ಷೌರ ಮಾಡಿಸಿಕೊಂಡು, ಇಸ್ತ್ರಿ ಅಂಗಿ ತೊಟ್ಟು ಮುಂದೆಯೇ ಕೂತಿದ್ದರು. ಟೀವಿಯಲ್ಲಿ ಅವರ ದಪ್ಪ ಕೈಗಳು ಹೆಲ್ಮೆಟ್ಟನ್ನು ಹಿಡಿದವು, ಮೇಲೆತ್ತಿದವು... ಒಳಗಿದ್ದದ್ದು ಬೆಳ್ಳಗಿನ ಚೆಲುವ ಹುಡುಗನೊಬ್ಬನ ಮುಖ.

“ಲೇ, ಒಳಗೆ ಹೋದೋನು ನೀನು, ಹೊರಗೆ ಬಂದೋನು ಯಾರಲೇ?” ಅಂದ ಮೂಲೆ ಅಂಗಡಿಯವನು. ಮನೆಯೆಲ್ಲ ನಕ್ಕಿತು. ನನ್ನಪ್ಪನೂ ನಕ್ಕರು.

ಮಾವ ಟೀವಿಯಿಂದ ಕಣ್ಣು ಕೀಳದೆ, “ನನ್ನ ಮುಖದ್ದೂ ಶೂಟಿಂಗ್ ತೆಗೆದಿದ್ರು” ಎಂದರು. “ಚೆನ್ನಾಗಿ ಬಂದೈತೆ ಅಂದಿದ್ರು.”

ಹೋಳಿಗೆಯನ್ನು ಎಲ್ಲರೂ ನಗುತ್ತಲೇ ತಿಂದರು. ಆಮೇಲೆ ಅವರು ಬೀದಿಗೆ ಇಳಿದಾಗಲೆಲ್ಲ ಮಕ್ಕಳು, “ಮಾವ, ಮುಖ ಎಲ್ಲೈತೆ” ಎಂದು ಹಿಂದೆ ಬೀಳುತ್ತಿದ್ದವು. ಆ ಮಕ್ಕಳು ದೊಡ್ಡವರಾಗಿ ತಮ್ಮ ಮಕ್ಕಳಿಗೂ ಅದನ್ನೇ ಕಲಿಸಿದರು.

ಹೋದ ವರ್ಷ ಮಾವ ತೀರಿಕೊಂಡಾಗ ಅವರಲ್ಲೇ ಕೆಲವರು ಅಭಿಮಾನಿಗಳೆಂದು ಹೇಳಿಕೊಂಡು ಬಂದರು, ಸರ್ಕಲ್ಲಿನಲ್ಲಿ ಫ್ಲೆಕ್ಸ್ ಕಟ್ಟುತ್ತೇವೆ ಎಂದು. ಅತ್ತೆ ಟ್ರಂಕಿನಿಂದ ಮಾವನ ಫೋಟೊ ತೆಗೆದು ಕೊಟ್ಟರು. ಅವರ ಬಳಿ ಇದ್ದದ್ದು ಅದೊಂದೇ.

“ದೊಡ್ಡದಾಗಿ ಹಾಕ್ರಪ್ಪ. ಒಂದ್ಸಲನಾದ್ರೂ ಜನ ನೋಡ್ಲಿ.”

ಮರುದಿನ ಫ್ಲೆಕ್ಸ್ ಏರಿತು. ನಡುವೆ ಆ ಚೆಲುವ ಹುಡುಗ, ಸುತ್ತ ಅಭಿಮಾನಿಗಳ ಮುಖಗಳು. ಅತ್ತೆ ಕೇಳಿದ್ದಕ್ಕೆ, “ಬೇಜಾರಾಗಬ್ಯಾಡ್ರಿ ಅತ್ತೆ. ಮಾವನ ಫೋಟೊ ಹಾಕಿದ್ರೆ ಸತ್ತಿದ್ದು ಯಾರು ಅಂತ ಜನಕ್ಕೆ ತಿಳಿಯಲ್ಲ” ಅಂದರು. ಕೊಟ್ಟ ಫೋಟೊ ವಾಪಸು ಬರಲಿಲ್ಲ. ಪ್ರೆಸ್ಸಿನಲ್ಲೆಲ್ಲೋ ಕಳೆದುಹೋಯಿತಂತೆ. ತಿಥಿ ಮುಗಿದ ಮೇಲೆ ನಮ್ಮ ಯಜಮಾನರು, ಗಟ್ಟಿ ಮಾಲು ಎಂದು ಫ್ಲೆಕ್ಸನ್ನು ಬಿಚ್ಚಿ ಮನೆಗೆ ತಂದರು.

ಇವತ್ತು ಮಳೆ ಬರಲೇ ಇಲ್ಲ. ಸಂಜೆ ಅತ್ತೆ ಶೇಂಗಾ ಸುಲಿಯಲು ಬಂದರು. ಫ್ಲೆಕ್ಸನ್ನು ಮುಖ ಕೆಳಗಾಗುವಂತೆಯೇ ಹೊದಿಸಿದ್ದೆ. ಅವರು ಅಂಚು ಎತ್ತಿ ನೋಡಿದರು.

“ಒಂದು ಸುಕ್ಕೂ ಬಿದ್ದಿಲ್ಲ ನೋಡು ಇವನಿಗೆ.” ಒಂದಷ್ಟು ಕಾಯಿ ಸುಲಿದ ಮೇಲೆ ಕೇಳಿದರು: “ನಮ್ಮವರ ಮೂಗು ಹೆಂಗಿತ್ತು? ನಿನಗೆ ನೆನಪೈತೇನೆ?”

ಹೇಳಲು ಬಾಯಿ ತೆರೆದೆ. ಎತ್ತರ ನೆನಪಾಯಿತು, ತಲೆ ವಾಲಿಸುತ್ತಿದ್ದದ್ದು ನೆನಪಾಯಿತು. ಮೂಗು...

ರಾತ್ರಿ ಮುದ್ದೆ, ಹುರುಳಿ ಸಾರು. ಅತ್ತೆ ತಮ್ಮ ಮನೆಗೆ ಹೋಗದೆ ನಮ್ಮಲ್ಲೇ ಉಂಡರು. ಗೋಡೆಯ ಕಡೆ ಮುಖ ಮಾಡಿ ಎಲ್ಲರಿಗಿಂತ ಮೊದಲು ಮಲಗಿದರು.