ಅದೇ ನಂಬರಿನ ಚಸ್ಮಾ

ಶರಣು, ಆ ಹಕ್ಕಿಯ ಕುತ್ತಿಗೆ ಕಪ್ಪಗೇ ಇತ್ತು. ನಾನೂ ನೋಡಿದ್ದೆ. ನಿನಗಿಂತ ಚೆನ್ನಾಗಿಯೇ ನೋಡಿದ್ದೆ — ದುರ್ಬೀನು ನನ್ನ ಕೈಯಲ್ಲಿತ್ತಲ್ಲ. ನೋಡಿಯೂ ಸುಳ್ಳು ಹೇಳಿದೆ. ಅಷ್ಟಕ್ಕೇ ನಿಲ್ಲಿಸಿದ್ದರೆ ಇದನ್ನು ಬರೆಯಲು ಇಷ್ಟು ವರ್ಷ ಬೇಕಾಗುತ್ತಿರಲಿಲ್ಲವೇನೋ. ನಿಲ್ಲಿಸಲಿಲ್ಲ.

ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ಶಹಾಪುರದಲ್ಲಿ ನನ್ನದೊಂದು ಕನ್ನಡಕದ ಅಂಗಡಿ. ಶರಣು ಹುಣಸಗಿಯಲ್ಲಿ ಬೀಜ, ಗೊಬ್ಬರ ಮಾರುವವನು. ಮೊದಲು ನನ್ನ ಗಿರಾಕಿ, ಆಮೇಲೆ ಗೆಳೆಯ. ಚಳಿಗಾಲದ ಭಾನುವಾರಗಳಲ್ಲಿ ನಾವಿಬ್ಬರೂ ಈರಣ್ಣ ಮಾಸ್ತರರೂ ಸುರಪುರದ ಹತ್ತಿರದ ಬೋನಾಳ ಕೆರೆಗೆ ಹಕ್ಕಿ ನೋಡಲು ಹೋಗುತ್ತಿದ್ದೆವು. ಪಂಡಿತರೇನಲ್ಲ. ಮೂವರ ನಡುವೆ ಒಂದು ದುರ್ಬೀನು, ಫ್ಲಾಸ್ಕಿನಲ್ಲಿ ಚಹಾ, ಮಾಸ್ತರರ ಮನೆಯ ಮಂಡಕ್ಕಿ ಸುಸಲಾ. ಕಂಡದ್ದನ್ನು ಫೋನಿನ ಗುಂಪಿಗೆ ಹಾಕುತ್ತಿದ್ದೆವು. ಯಾದಗಿರಿ, ಗೋಗಿಯ ಕಡೆಯ ಗೆಳೆಯರೂ ಅದರಲ್ಲಿದ್ದರು. ಒಬ್ಬ ಹಕ್ಕಿಯ ಹೆಸರು ಹಾಕಿದರೆ ಜೊತೆಗಿದ್ದ ಇನ್ನೊಬ್ಬ ಕೆಳಗೆ ‘ಖರೆ’ ಎಂದು ಬರೆಯಬೇಕು. ಖರೆ ಬೀಳದಿದ್ದರೆ ಅದು ಹಕ್ಕಿಯೇ ಅಲ್ಲ. ಈ ನಿಯಮ ಮಾಡಿದವನೂ ನಾನೇ. ಕಣ್ಣಿನ ಅಂಗಡಿಯವನ ಖರೆಗೆ ತೂಕ ಜಾಸ್ತಿ ಎಂದು ಮಾಸ್ತರರು ತಮಾಷೆ ಮಾಡುತ್ತಿದ್ದರು. ನಾನು ಅದನ್ನು ತಲೆಗೇರಿಸಿಕೊಂಡಿದ್ದೆ.

ನಿನ್ನನ್ನು ಆ ಕೆರೆಗೆ ಕರೆದುಕೊಂಡು ಹೋದವನು ನಾನು, ಶರಣು. ಬಾತುಕೋಳಿಗೂ ನೀರುಕಾಗೆಗೂ ವ್ಯತ್ಯಾಸ ತೋರಿಸಿಕೊಟ್ಟವನು ನಾನು. ಒಂದೇ ಚಳಿಗಾಲದಲ್ಲಿ ನೀನು ನನ್ನನ್ನು ದಾಟಿಬಿಟ್ಟೆ. ನಾನು ದುರ್ಬೀನು ತಿರುಗಿಸುತ್ತ ಒದ್ದಾಡುವಷ್ಟರಲ್ಲಿ ನೀನು ಬರಿಗೈಯಲ್ಲಿ ನಿಂತು ಅಲ್ಲಿ ನೋಡು, ಇಲ್ಲಿ ನೋಡು ಎನ್ನುತ್ತಿದ್ದೆ. ನಾನು ನಗುತ್ತಿದ್ದೆ. ಒಳಗೆ ಮಾತ್ರ ಉರಿಯುತ್ತಿತ್ತು. ಹೊಟ್ಟೆಕಿಚ್ಚು — ಬೇರೆ ಹೆಸರಿಟ್ಟು ಏನು ಪ್ರಯೋಜನ?

ಆ ಬೆಳಿಗ್ಗೆ ಮಂಜಿತ್ತು. ಆಚೆ ದಡದ ಜೊಂಡಿನ ಪಕ್ಕ ಎತ್ತರದ ಹಕ್ಕಿಯೊಂದು ನಿಂತಿತ್ತು. ಬಿಳಿ ಕುತ್ತಿಗೆಯ ಕೊಕ್ಕರೆ ನಮಗೆ ಹೊಸದಲ್ಲ. ಕುತ್ತಿಗೆಯೂ ಕಪ್ಪಗಿರುವ ಕರಿ ಕೊಕ್ಕರೆ ಅಪರೂಪ. ನಾನು ಎಷ್ಟೋ ವರ್ಷಗಳಿಂದ ಅದರ ದಾರಿ ಕಾಯುತ್ತಿದ್ದೆ. ನೀನು ಮೆಲ್ಲಗೆ ಹೇಳಿದೆ: “ಕುತ್ಗಿ ಕರಿ ಅದ ನೋಡೋ.” ಹೇಳುತ್ತಲೇ ಗುಂಪಿಗೂ ಹಾಕಿದೆ. ನಾನು ದುರ್ಬೀನು ಎತ್ತಿದೆ. ಕಪ್ಪು ಕುತ್ತಿಗೆ, ಕೆಂಪು ಕೊಕ್ಕು, ಬೆಳ್ಳನೆಯ ಹೊಟ್ಟೆ. ತುಂಬಾ ಹೊತ್ತು ನೋಡಿದೆ. ಮಾಸ್ತರರು ದುರ್ಬೀನಿಗೆ ಕೈ ಚಾಚುವಷ್ಟರಲ್ಲಿ ಅದು ಹಾರಿಹೋಯಿತು.

“ಖರೆ ಏನು?” ಮಾಸ್ತರರು ನನ್ನನ್ನು ಕೇಳಿದರು.

“ಖರೆ ಅಲ್ರಿ. ಕುತ್ಗಿ ಬೆಳ್ಳಗಿತ್ತು.”

ಯೋಚಿಸಿ ಹೇಳಿದ್ದಲ್ಲ — ಹೇಳಿದ ಮೇಲೆ ಯೋಚಿಸಲು ಬೇಕಾದಷ್ಟು ಸಮಯವಿತ್ತು, ಆಗಲೂ ತಿದ್ದಲಿಲ್ಲ. ಗುಂಪಿನಲ್ಲಿ ನಿನಗೆ ‘ಕರಿ ಕುತ್ಗಿ ಶರಣು’ ಎಂದು ಹೆಸರು ಬಿತ್ತು. ನೀನು ಗುಬ್ಬಿ ಹಾಕಿದರೂ ಕುತ್ತಿಗೆಯ ಬಣ್ಣ ಕೇಳುತ್ತಿದ್ದರು. ನಾನೂ ಕೇಳಿದೆ, ಒಂದೆರಡು ಸಲ.

ನೀನು ಜಗಳವಾಡಿದ್ದರೆ ನಾನು ಬಚಾವಾಗುತ್ತಿದ್ದೆ. ನೀನೋ, ಅಂಗಡಿಗೆ ಬಂದು ಕಣ್ಣು ನೋಡು ಎಂದು ಕುಳಿತೆ. ಹಳೆಯ ಚಸ್ಮಾದಲ್ಲೇ ಕೊನೆಯ ಸಾಲಿನವರೆಗೂ ತಡವರಿಸದೆ ಓದಿದೆ. ನಂಬರು ಒಂದಿಷ್ಟೂ ಬದಲಾಗಿರಲಿಲ್ಲ. ನಾನು ಬದಲಾಗಿದೆ ಎಂದೆ.

“ಎಲ್ಲಾ ಕಾಣಸ್ತದಲ್ಲೋ,” ಎಂದೆ ನೀನು.

“ಅಂಗಡ್ಯಾಗ ಕಾಣಸ್ತದ. ಕೆರಿ ಮ್ಯಾಲ ಬ್ಯಾರೆ.”

ಹೊಸ ಚೌಕಟ್ಟಿಗೆ ಅದೇ ನಂಬರಿನ ಗಾಜು ಹಾಕಿ ಕೊಟ್ಟೆ. ನೀನು ಅದನ್ನು ಹಾಕಿಕೊಂಡು ಬಾಗಿಲಿಗೆ ಹೋಗಿ, ಎದುರಿನ ಅಂಗಡಿಯ ಬೋರ್ಡು ಓದಿ, ಈಗ ಛಲೋ ಕಾಣ್ತದ ಎಂದೆ. ಅದನ್ನು ನೆನೆದರೆ ಈಗಲೂ ನನ್ನ ಮೇಲೆ ಸಿಟ್ಟು ಬರುತ್ತದೆ. ನಿನ್ನ ಮೇಲೂ. ಇಷ್ಟು ನಂಬಬಾರದಿತ್ತು ನೀನು.

ಆಮೇಲೆ ಕೆರೆಯಲ್ಲಿ ನೀನು ಏನನ್ನೂ ಮೊದಲು ಹೇಳಲಿಲ್ಲ. ಅದೇನು ನೋಡು ಎಂದು ನನ್ನನ್ನೇ ಕೇಳತೊಡಗಿದೆ. ನಿನ್ನ ಕಣ್ಣೆದುರಿಗಿದ್ದ ಹಕ್ಕಿಯನ್ನು! ಮುಂದಿನ ಚಳಿಗಾಲ ಬರುವುದನ್ನೇ ಬಿಟ್ಟೆ. ಕತ್ತಲಾದ ಮೇಲೆ ಗಾಡಿ ಓಡಿಸುವುದನ್ನೂ ಬಿಟ್ಟಿದ್ದೀಯ ಎಂದು ಮಾಸ್ತರರಿಂದ ತಿಳಿಯಿತು.

ಅಂದಿನಿಂದ ಪ್ರತಿ ಚಳಿಗಾಲವೂ ಆ ಕರಿ ಕೊಕ್ಕರೆಗಾಗಿ ಕಾಯುತ್ತಿದ್ದೇನೆ. ಬಂದರೆ ಫೋಟೋ ತೆಗೆದು, ಅವತ್ತು ಶರಣು ಕಂಡದ್ದೂ ಇದೇ ಇರಬೇಕು ಎಂದು ಹಾಕಿ ಅಗ್ಗದಲ್ಲಿ ಪಾರಾಗುವ ಲೆಕ್ಕ ನನ್ನದು. ಬರುವುದಿಲ್ಲ. ಬರುವವರು ರೀಲ್ಸ್ ಮಾಡುವವರು, ನೀರಿಗೆ ಕಲ್ಲೆಸೆಯುವವರು. ಬಾಯಿಗೆ ಬಂದಂತೆ ಬೈದುಕೊಂಡು ಮನೆಗೆ ಬರುತ್ತೇನೆ. ಹಕ್ಕಿ ಬಂದು ನನ್ನ ಪರವಾಗಿ ಹೇಳಲಿ ಎಂದು ಕೂತವನಿಗೆ ಇನ್ನೇನಾಗಬೇಕು?

ಹೋದ ವಾರ ನೀನು ಅಂಗಡಿಗೆ ಬಂದೆ. ಓದುವ ಚಸ್ಮಾ ಬೇಕು, ವಯಸ್ಸಾಯಿತು ಎಂದೆ. ನಾನು ದೂರದ ನಂಬರನ್ನೂ ನೋಡಿದೆ. ಅದೇ ನಂಬರು. ಅಂದು ಇದ್ದದ್ದೇ, ಅದಕ್ಕೂ ಮೊದಲು ಇದ್ದದ್ದೇ. ಹೆಚ್ಚಾಗಿಲ್ಲ ಎಂದೆ. ಇದೇ ಹೊತ್ತು, ಹೇಳಿಬಿಡು ಎಂದು ಬಾಯಿ ತೆರೆದೆ — ನೀನು ನಕ್ಕು ನನ್ನ ಕೈ ಹಿಡಿದುಕೊಂಡೆ.

“ಅವತ್ತು ನಂಬರ್ ಬದಲಾಗಿದ್ದು ನೀ ಹಿಡದಿ ಅಂತ ಉಳದ್ವು ನೋಡಪ್ಪ. ಇಲ್ಲಂದ್ರ ನನ್ನ ಕಣ್ಣು ಎಲ್ಲಿಗಿ ಹೋಗ್ತಿದ್ವೋ.”

ನಾನು ಓದುವ ಚಸ್ಮಾದ ದುಡ್ಡು ಎಣಿಸಿಕೊಂಡೆ. ನಿನ್ನ ಕೃತಜ್ಞತೆಯನ್ನೂ ಇಟ್ಟುಕೊಂಡೆ.

ಗುಂಪಿನಲ್ಲಿ ನೀನು ಅಂದು ಹಾಕಿದ್ದು ಇನ್ನೂ ಇದೆ: ‘ಕರಿ ಕೊಕ್ಕರಿ, ಬೋನಾಳ.’ ಹುಡುಕಿ ತೆಗೆದು ಅದರ ಕೆಳಗೆ ನಿನ್ನೆ ‘ಖರೆ’ ಎಂದು ಬರೆದೆ. ಯಾವುದು ಖರೆ ಎಂದು ಮಾಸ್ತರರು ಕೇಳಿದ್ದಾರೆ. ನೀನು ಗುಂಪು ಬಿಟ್ಟು ಯಾವ ಕಾಲವಾಯಿತು, ನಿನಗೆ ಅದು ಕಾಣುವುದಿಲ್ಲ. ಇಲ್ಲಿ ಬರೆದದ್ದೆಲ್ಲವನ್ನೂ ಅವರಿಗೆ ಕಳಿಸುತ್ತೇನೆ, ಆದರೆ ನಿನಗೆ ಹೇಳಿದ ಮೇಲೆ. ಭಾನುವಾರ ಹುಣಸಗಿಗೆ ಬರುತ್ತಿದ್ದೇನೆ. ನೀನು ಹೊಡೆದರೂ ಸರಿ, ಮಾತು ಬಿಟ್ಟರೂ ಸರಿ, ಆ ಚಸ್ಮಾದ ವಿಷಯ ನಿನ್ನ ಮುಖ ನೋಡಿಯೇ ಹೇಳಬೇಕು.

ನಿನ್ನ ಕಣ್ಣಿಗೆ ಏನೂ ಆಗಿರಲಿಲ್ಲ, ಶರಣು.