ಬಂದ್ ಮಾಡದ ಡೀಸೆಲ್ ಗಾಡಿ

ನಮ್ಮ ಮನೆಗೆ ಕಾರು ಬೇಕಾದದ್ದು ಊರು ಸುತ್ತುವುದಕ್ಕಲ್ಲ. ಅವ್ವನ ಎರಡೂ ಕಿಡ್ನಿ ಕೈಕೊಟ್ಟ ಮೇಲೆ ವಾರಕ್ಕೆ ಮೂರು ಸಲ ಸಂಡೂರಿನಿಂದ ಹೊಸಪೇಟೆಗೆ ಡಯಾಲಿಸಿಸ್‌ಗೆ ಹೋಗಬೇಕಾಯಿತು. ಹೋಗುವಾಗ ಬಸ್ಸಿನಲ್ಲಿ ಹೇಗೋ ಕೂರುತ್ತಿದ್ದಳು. ಬರುವಾಗ ಹಿಂಡಿ ಹಾಕಿದ ಬಟ್ಟೆಯಂತೆ ನನ್ನ ಹೆಗಲ ಮೇಲೆ ಬಿದ್ದಿರುತ್ತಿದ್ದಳು. ಅದಿರು ಲಾರಿಗಳು ಕೆಡಿಸಿಟ್ಟ ರಸ್ತೆಯಲ್ಲಿ ಬಸ್ಸು ಎತ್ತಿ ಹಾಕಿದಾಗಲೆಲ್ಲ ವಾಂತಿ. ಒಂದು ದಿನ ಮನೆಗೆ ಬಂದವಳೇ ನಾನು, ಕಾರು ತರೋಣ ಎಂದೆ. ಅಪ್ಪ ಹೂಂ ಎಂದ. ನನ್ನ ಮಾತಿಗೆ ಬೆಲೆ ಸಿಕ್ಕಿದ್ದು ಅಷ್ಟೇ. ಯಾವ ಕಾರು ಎನ್ನುವ ಪ್ರಶ್ನೆ ಬಂದ ಕೂಡಲೇ ನಾನು ಲೆಕ್ಕಕ್ಕಿಲ್ಲದವಳಾದೆ.

ನಾನು ಬಂಡ್ರಿಯ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವವಳು. ಇಂಧನ ಹೇಗೆ ಉರಿಯುತ್ತದೆ, ಮಸಿ ಯಾಕೆ ಉಳಿಯುತ್ತದೆ ಎಂದು ಪ್ರತಿ ವರ್ಷ ಬೋರ್ಡಿನ ಮೇಲೆ ಚಿತ್ರ ಬರೆದು ತೋರಿಸುತ್ತೇನೆ. ಆ ವಿದ್ಯೆ ನಮ್ಮ ಮನೆಯ ಹೊಸ್ತಿಲು ದಾಟಿ ಒಳಗೆ ಬಂದದ್ದೇ ಇಲ್ಲ. ಅಪ್ಪ ಆಯುಷ್ಯವೆಲ್ಲ ಅದಿರು ಲಾರಿ ಓಡಿಸಿದವನು.

ಕಂಪ್ಲಿಯಿಂದ ಸೋದರಮಾವ ಬಂದ. ಅವನದು ಪೆಟ್ರೋಲ್ ಕಾರು.

"ಭಾವ, ಈಗ ಡೀಸೆಲ್ ಯಾರ್ ತೊಗೋತಾರ್ರಿ? ಪೆಟ್ರೋಲ್ ತೊಗೊಳ್ರಿ. ತಲಿನೋವಿಲ್ಲ," ಎಂದ.

"ನಿನ್ ಗಾಡಿ ಭತ್ತದ ಗದ್ದಿಗೆ ಹೋಗಿ ಬರಾಕ ಸಾಕಪ್ಪಾ. ನಾವು ಗುಡ್ಡ ಹತ್ತಬೇಕು. ಎಸಿ ಹಾಕಿ ಏರು ಹತ್ತಿಸಿದ್ರ ನಿನ್ ಪೆಟ್ರೋಲ್ ಗಾಡಿ ನಡುದಾರ್ಯಾಗ ತೇಕತೈತಿ," ಎಂದ ಅಪ್ಪ.

ನನ್ನ ಮನಸ್ಸಿದ್ದದ್ದು ಹೈಬ್ರಿಡ್ ಮೇಲೆ. ಪೆಟ್ರೋಲ್ ಎಂಜಿನ್ನೂ ಬ್ಯಾಟರಿಯೂ ಸೇರಿ ಓಡಿಸುವ ಗಾಡಿ. ನಡುಕವಿಲ್ಲ, ವಾಸನೆಯಿಲ್ಲ, ಗದ್ದಲವಿಲ್ಲ. ಡಯಾಲಿಸಿಸ್ ಮುಗಿಸಿ ಬರುವವಳಿಗೆ ಇನ್ನೇನು ಬೇಕು? ನಮ್ಮ ಬಳ್ಳಾರಿ ಸೀಮೆಯ ಬಿಸಿಲಿಗೆ ಆ ಬ್ಯಾಟರಿ ಎಷ್ಟು ತಾಳುತ್ತದೋ, ಕೆಟ್ಟರೆ ಸಂಡೂರಿನಲ್ಲಿ ಯಾರು ಬಿಚ್ಚುತ್ತಾರೋ ಎಂಬ ಅಳುಕು ನನಗೂ ಇತ್ತು. ಅದನ್ನು ಮನೆಯಲ್ಲಿ ಬಾಯಿ ಬಿಡಲಿಲ್ಲ. ಬಿಟ್ಟಿದ್ದರೆ ಅಪ್ಪ ಅಲ್ಲಿಗೇ ಮಾತು ಮುಗಿಸುತ್ತಿದ್ದ.

ಅಪ್ಪನನ್ನು ಒಪ್ಪಿಸಿ ಹೊಸಪೇಟೆಯ ಒಂದು ಶೋರೂಮಿಗೆ ಕರೆದೊಯ್ದೆ. ಹೈಬ್ರಿಡ್ ಕಾರಿನಲ್ಲಿ ಹಂಪಿ ರಸ್ತೆಗೆ ಹೋದೆವು. ಅಪ್ಪನೇ ಸ್ಟೇರಿಂಗ್ ಹಿಡಿದಿದ್ದ, ಪಕ್ಕದಲ್ಲಿ ಶೋರೂಮಿನ ಹುಡುಗಿ, ಹಿಂದೆ ನಾನು. ಕಮಲಾಪುರದ ಹತ್ತಿರ ಕುರಿಹಿಂಡು ಅಡ್ಡ ಬಂತು. ಅಪ್ಪ ಬ್ರೇಕ್ ಒತ್ತಿದ. ಕಾರು ನಿಂತದ್ದೇ ಎಂಜಿನ್ ಸುಮ್ಮನಾಯಿತು. ಅದು ಆ ಗಾಡಿಯ ಗುಣ. ನಿಂತಾಗ ಎಂಜಿನ್ ತಾನೇ ಸುಮ್ಮನಾಗಿ, ಹೊರಡುವಾಗ ಬ್ಯಾಟರಿ ಎಳೆಯುತ್ತದೆ. ಅಪ್ಪನಿಗೆ ಅದು ಬಂದ್ ಬಿದ್ದಂತೆ ಕಂಡಿತು. ಗಾಬರಿಯಿಂದ ಬಟನ್ ಒತ್ತಿದ. ಆಗ ನಿಜವಾಗಿಯೂ ಬಂದ್ ಆಯಿತು. ಮತ್ತೆ ಒತ್ತಿದ, ಏನೇನೋ ದೀಪ ಹತ್ತಿದವು. ಕುರಿಗಳು ಹೋದವು, ಹಿಂದಿನ ಆಟೋದವರು ಹಾರ್ನ್ ಹೊಡೆಯತೊಡಗಿದರು.

"ಅಂಕಲ್, ಬಂದ್ ಆಗಿದ್ದಿಲ್ರಿ, ಚಾಲೂನೇ ಇತ್ತು," ಎಂದಳು ಹುಡುಗಿ. ನಗು ತಡೆದುಕೊಂಡಿದ್ದು ಕಾಣುತ್ತಿತ್ತು.

"ಸಪ್ಪಳನೇ ಇಲ್ಲಂದ್ರ ಜೀವ ಐತೋ ಇಲ್ಲೋ ಹೆಂಗ ತಿಳೀಬೇಕವ್ವಾ?" ಎಂದ ಅಪ್ಪ. ದೋಣಿಮಲೈ ಗುಡ್ಡದಿಂದ ತುಂಬಿದ ಲಾರಿ ಇಳಿಸುತ್ತಿದ್ದವನ ಕಿವಿ ಕೆಂಪಾಗಿತ್ತು.

ನಾನು ಅಲ್ಲಿಗೇ ಸೋತೆ. ಹಟ ಹಿಡಿಯಬಹುದಿತ್ತು. ಆದರೆ ಹೈಬ್ರಿಡ್ ಬಂದರೆ ಅಪ್ಪ ಅದನ್ನು ಮುಟ್ಟುವುದಿಲ್ಲ ಎಂದು ಗೊತ್ತಾಗಿತ್ತು. ಅವ್ವನ ಕಾಯಿಲೆಯಲ್ಲಿ ಅವನ ಕೈಯಿಂದ ಆಗುವುದು ಒಂದೇ: ಅವಳನ್ನು ಕೂರಿಸಿಕೊಂಡು ಹೋಗಿ ಬರುವುದು. ಅದನ್ನೂ ಕಿತ್ತುಕೊಳ್ಳಲು ನನಗೆ ಮನಸ್ಸು ಬರಲಿಲ್ಲ. ಡೀಸೆಲ್ ಕಾರೇ ಬಂತು. ನಾಲ್ಕು ಗಾಲಿಗೂ ನಿಂಬೆಹಣ್ಣಿಟ್ಟು ಪೂಜೆ ಮಾಡಿದೆವು. ಅವ್ವ ಹಿಂದಿನ ಸೀಟಿನಲ್ಲಿ ಮಹಾರಾಣಿಯಂತೆ ಕುಳಿತು ನಕ್ಕಳು. ಕೂರುವವಳು ಅವಳು, ಆದರೆ ಯಾವುದು ಬೇಕು ಎಂದು ಅವಳನ್ನು ನಾವು ಯಾರೂ ಕೇಳಿರಲಿಲ್ಲ.

ಹೊಸ ಡೀಸೆಲ್ ಗಾಡಿಗಳಲ್ಲಿ ಹೊಗೆಯ ಮಸಿ ಹಿಡಿಯುವ ಒಂದು ಫಿಲ್ಟರ್ ಇರುತ್ತದೆ. ಗಾಡಿ ಬಿಸಿಯಾಗಿ ಒಂದೇ ಓಟದಲ್ಲಿ ಓಡಿದರೆ ಆ ಮಸಿ ಸುಟ್ಟುಹೋಗುತ್ತದೆ. ನಿಂತಲ್ಲೇ ಎಂಜಿನ್ ಓಡಿಸುತ್ತಿದ್ದರೆ ತುಂಬಿಕೊಂಡು ಗಂಟಲು ಕಟ್ಟುತ್ತದೆ. ಇದನ್ನು ನಾನು ಓದಿ ತಿಳಿದುಕೊಂಡು ಅಪ್ಪನಿಗೆ ಹೇಳಿದೆ. ಹೇಳಿದ್ದು ಯಾಕೆಂದರೆ ಅವನು ನಿಂತ ಗಾಡಿಯನ್ನು ಬಂದ್ ಮಾಡುವ ಪೈಕಿ ಅಲ್ಲ. ಗಣಿಯ ಮುಂದೆ ಲಾರಿಗಳ ಸಾಲಿನಲ್ಲಿ ಯಾರೂ ಎಂಜಿನ್ ಬಂದ್ ಮಾಡುತ್ತಿರಲಿಲ್ಲವಂತೆ. ಹಳೆಯ ಬ್ಯಾಟರಿ, ಮತ್ತೆ ಚಾಲೂ ಆಗುವಷ್ಟರಲ್ಲಿ ಸಾಲು ಮುಂದೆ ಹೋಗಿ ಇನ್ನೊಬ್ಬ ನುಗ್ಗುತ್ತಿದ್ದ. ನಾನು ಚಿಕ್ಕವಳಿದ್ದಾಗ ಮನೆ ಮುಂದೆ ಲಾರಿ ನಿಲ್ಲಿಸಿ ಉಣ್ಣುವಾಗಲೂ ಅದು ಗುರುಗುಡುತ್ತಲೇ ಇರುತ್ತಿತ್ತು. ರೊಟ್ಟಿ ಬಡಿಯುವ ಸದ್ದಿಗೂ ಅದಕ್ಕೂ ಪೈಪೋಟಿ.

ಈಗ ಆಸ್ಪತ್ರೆಯ ಕೆಳಗೂ ಅದೇ ಕತೆ. ಅವ್ವ ಮೊದಲ ಮಹಡಿಯಲ್ಲಿ ಯಂತ್ರಕ್ಕೆ ಕೈಕೊಟ್ಟು ಮಲಗಿರುವಷ್ಟು ಹೊತ್ತೂ ಅಪ್ಪ ಕೆಳಗೆ ಬೇವಿನ ಮರದ ಹತ್ತಿರ ಕಾರು ಚಾಲೂ ಇಟ್ಟು ಕೂರುತ್ತಿದ್ದ. ನನಗೆ ಮೈ ಉರಿಯುತ್ತಿತ್ತು.

"ಅಪ್ಪಾ, ಕೈಮುಗಿತೀನಿ, ಬಂದ್ ಮಾಡು. ಇದು ಲಾರಿ ಅಲ್ಲ."

"ಡೀಸೆಲ್ ಗಾಡಿಗೆ ಏನೂ ಆಗಂಗಿಲ್ಲ, ಬಿಡವ್ವಾ."

ಬೈದೆ, ಮುನಿಸಿಕೊಂಡೆ, ವಿಡಿಯೋ ತೋರಿಸಿದೆ. ನೋಡಿ ತಲೆಯಾಡಿಸಿ ಮತ್ತೆ ಚಾಲೂ ಇಡುತ್ತಿದ್ದ. ಸ್ಟೇರಿಂಗಿನ ಮುಂದೆ, ಫಿಲ್ಟರ್ ಕಟ್ಟುತ್ತಿದೆ ಎನ್ನುವ ಕಿತ್ತಳೆ ದೀಪ ಹತ್ತಿತು. ಲಾರಿಯಲ್ಲಿ ಇಂಥವು ಯಾವಾಗಲೂ ಹತ್ತಿಕೊಂಡೇ ಇರುತ್ತಿದ್ದವು ಎಂದ. ನಾನೂ ಶಾಲೆ, ಪರೀಕ್ಷೆ ಎಂದು ಓಡಾಡುತ್ತಿದ್ದವಳು ಎಷ್ಟೆಂದು ಕಾವಲು ಕಾಯಲಿ?

ಬೇಸಿಗೆ ರಜೆಯ ಒಂದು ಬೆಳಿಗ್ಗೆ ನಾನೂ ಜೊತೆಗೆ ಹೊರಟಿದ್ದೆ. ಗುಡ್ಡದ ಏರಿನಲ್ಲಿ ಕಾರು ಒಮ್ಮೆಲೇ ಕಸುವು ಕಳೆದುಕೊಂಡಿತು. ಅಪ್ಪ ಎಷ್ಟು ಒತ್ತಿದರೂ ಸೈಕಲ್ ವೇಗ. ತುಂಬಿದ ಅದಿರು ಲಾರಿಗಳು ಕೂಡ ನಮ್ಮನ್ನು ಹಿಂದೆ ಹಾಕಿ ಕೆಂಪು ಧೂಳು ಎರಚಿ ಹೋದವು. ಹಿಂದಿನ ಸೀಟಿನಲ್ಲಿ ಅವ್ವ ಊದಿದ ಕಾಲು ಮೇಲಿಟ್ಟುಕೊಂಡು ಉಸಿರು ಎಳೆಯುತ್ತಿದ್ದಳು. ಎರಡು ದಿನದ ನೀರು ಮೈಯಲ್ಲಿ ತುಂಬಿದ್ದ ಹೆಂಗಸು. ಬೇರೆ ಗಾಡಿಗೆ ಫೋನು ಮಾಡೋಣವೆಂದರೆ ಆ ತಿರುವಿನಲ್ಲಿ ಸಿಗ್ನಲ್ ಇಲ್ಲ. ಅಪ್ಪನನ್ನು ಬೈಯಲು ಬಾಯಿ ತೆರೆದೆ; ಅವನ ಕುತ್ತಿಗೆಯ ಮೇಲೆ ಇಳಿಯುತ್ತಿದ್ದ ಬೆವರು ನೋಡಿ ಮುಚ್ಚಿದೆ. ನನ್ನ ವಿಜ್ಞಾನ, ಅವನ ಅನುಭವ ಎರಡೂ ಸೇರಿ ಅವಳನ್ನು ಒಂದು ಏರು ಹತ್ತಿಸಲಾರದೆ ಕುಳಿತಿದ್ದವು.

ಹೇಗೋ ತೆವಳಿಕೊಂಡು ತಲುಪಿದಾಗ ಅವಳ ಸರದಿಯ ಅರ್ಧ ಕಳೆದಿತ್ತು. ಅವಳ ನಂತರದವರು ಬಂದು ಕಾಯುತ್ತಿದ್ದರು, ಅವರದೂ ಜೀವವೇ. ನರ್ಸಮ್ಮ ಉಳಿದಷ್ಟು ಹೊತ್ತಿಗೆ ಯಂತ್ರ ಹಚ್ಚಿದರು. ಅವ್ವ ಆ ವಾರವೆಲ್ಲ ದಿಂಬಿಗೊರಗಿ ಕೂತೇ ನಿದ್ದೆ ಮಾಡಿದಳು.

ಗಾಡಿ ರಿಪೇರಿ ಮಾಡಿದವನು ಫಿಲ್ಟರಿನ ಮಸಿ ಸುಟ್ಟು ಸ್ವಚ್ಛ ಮಾಡಿಕೊಟ್ಟು, "ನಿಂತಾಗ ಬಂದ್ ಮಾಡ್ರಿ ಸರ್, ಇಲ್ಲಾಂದ್ರ ಮತ್ತ ಹಿಂಗ ಆಗ್ತೈತಿ," ಎಂದ. ಮುಂದಿನ ಸಲ ಅಪ್ಪ ಬೇವಿನ ಮರದ ಕೆಳಗೆ ನಿಲ್ಲಿಸಿದವನೇ ನನ್ನ ಮುಖ ನೋಡಿ ಬಂದ್ ಮಾಡಿದ. ಗೆದ್ದೆ ಎಂದುಕೊಂಡು ಮೇಲೆ ಹೋದೆ.

ಅವ್ವ ಮಲಗಿರಲಿಲ್ಲ. ಸೂಜಿ ಚುಚ್ಚಿದ ಕೈ ಅಲುಗಿಸದೆ ಕತ್ತು ಮಾತ್ರ ಕಿಟಕಿಯ ಕಡೆ ಎಳೆಯುತ್ತಿದ್ದಳು.

"ನಿಮ್ಮಪ್ಪ ಎಲ್ಲಿಗ್ ಹೋದ್ರು?"

"ಎಲ್ಲಿಗೂ ಹೋಗಿಲ್ಲವ್ವಾ. ಕೆಳಗ ಕುಂತಾನ."

ಕಣ್ಣು ಮುಚ್ಚಿದಳು. ಮತ್ತೆ ತೆರೆದಳು. "ಖರೇನ ಅದಾರೇನು?"

ನರ್ಸಮ್ಮ ಬಂದು ಬಿಪಿ ನೋಡಿ, ಇವತ್ತು ಯಾಕಮ್ಮಾ ಇಷ್ಟು ಹೆದರಿದ್ದೀರಿ ಎಂದು ಕೇಳಿದರು. ಅವರು ಆ ಕಡೆ ಹೋದ ಮೇಲೆ ಅವ್ವ ನನ್ನ ಬೆರಳು ಹಿಡಿದುಕೊಂಡಳು.

"ಇಲ್ಲಿ ಕಣ್ ಮುಚ್ಚಿದ್ರ ಭಾಳ ಅಂಜಿಕಿ ಆಗ್ತೈತವ್ವಾ. ರಕ್ತ ಎಲ್ಲಾ ಹೊರಗ ಹೋಗಿರ್ತೈತಿ, ವಾಪಸ್ ಬರ್ತೈತೋ ಇಲ್ಲೋ ಅಂತ. ಕೆಳಗ ಗಾಡಿ ಸಪ್ಪಳ ಕೇಳ್ತಿದ್ರ, ಅದಾರ ಅಂತ ಧೈರ್ಯ. ನಿದ್ದಿ ಬರ್ತೈತಿ."

"ಅಪ್ಪಗ ಗೊತ್ತೈತೇನು ಇದು?"

"ನಾನೇ ಹೇಳೀನಿ, ಚಾಲೂ ಇಡ್ರಿ ಅಂತ. ನಿನಗ ಹೇಳಬ್ಯಾಡ್ರಿ ಅಂದಿದ್ದೆ. ನಗ್ತೀ ಅಂತ."

ಅಷ್ಟು ದಿನ ನನ್ನಿಂದ ಬೈಸಿಕೊಂಡು ಅವನು ಈ ಗುಟ್ಟು ಬಿಟ್ಟುಕೊಟ್ಟಿರಲಿಲ್ಲ. ಆ ಸಪ್ಪಳವನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಅವಳ ಕಿವಿಗಿಟ್ಟರೆ ಹೇಗೆ ಎಂದು ಒಂದು ಗಳಿಗೆ ಯೋಚಿಸಿದೆ. ಅಂಥ ಯೋಚನೆ ಬಂದದ್ದಕ್ಕೆ ನಾಚಿಕೆಯಾಯಿತು.

ಕೆಳಗಿಳಿದು ಬಂದೆ. ಬಂದ್ ಆದ ಕಾರಿನಲ್ಲಿ ಗಾಜು ಇಳಿಸಿಕೊಂಡು, ಎರಡೂ ಕೈ ಸ್ಟೇರಿಂಗ್ ಮೇಲಿಟ್ಟು ಅಪ್ಪ ಮೊದಲ ಮಹಡಿಯನ್ನೇ ನೋಡುತ್ತಿದ್ದ. ನಾನು ಪಕ್ಕದ ಸೀಟಿನಲ್ಲಿ ಕುಳಿತೆ.

"ಚಾಲೂ ಮಾಡಪ್ಪಾ."

"ಫಿಲ್ಟರ್ ಮತ್ತ ಕಟ್ಕೋತೈತಲ್ಲವ್ವಾ?"

"ಕಟ್ಕೋತೈತಿ."

ಅಪ್ಪ ಕೀಲಿ ತಿರುಗಿಸಿದ. ಕಿತ್ತಳೆ ದೀಪ ಹತ್ತಿರಲಿಲ್ಲ, ಇನ್ನೂ.